ಹೆತ್ತವಳನ್ನೇ ‘ಅಕ್ಕ’ ಅನ್ನೋ ಮಗಳು

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವಳು ಹಾಗೇ ನಿಂತುಬಿಟ್ಟಳು.

ಸ್ಟೇರಿಂಗ್ ಹಿಡಿದು ಕೂತಿದ್ದವನು ಅವಳ ಗಂಡ!

ಎರಡು ವರ್ಷ... ಒಂದು ಫೋನಿಲ್ಲ, ಮಗು ಹೇಗಿದೆ ಅಂತ ಒಂದು ಮಾತಿಲ್ಲ. ಬಾಣಂತನಕ್ಕೆ ತವರಿಗೆ ಬಂದವಳನ್ನು ಮರೆತೇಬಿಟ್ಟಿದ್ದ ಪುಣ್ಯಾತ್ಮ!

"ಹತ್ತೋದಾದ್ರೆ ಹತ್ತಿ. ಇಲ್ಲಾಂದ್ರೆ ದಾರಿ ಬಿಡಿ," ಅಂದ ಡ್ರೈವರ್.

ಬಹುವಚನ ಬೇರೆ! ಅವಳು ಕಾಲು ಹಿಂದಕ್ಕೆ ತೆಗೆಯಹೋದಳು. ಆದರೆ ಲಸಿಕೆ ಹಾಕಿಸಿಕೊಂಡು ಅಳುತ್ತಿದ್ದ ಮಗಳು ಕಂಕುಳಲ್ಲಿದ್ದಳು. ಹತ್ತಿ ಮುಂದಿನ ಸೀಟಲ್ಲೇ ಕೂತಳು.

ಮಗಳನ್ನು ಒಬ್ಬಳೇ ಹೊರಗೆ ಕರೆದುಕೊಂಡು ಬಂದಿದ್ದು ಇದೇ ಮೊದಲು. ಅಮ್ಮನ ಕಾಲು ಉಳುಕದೇ ಇದ್ದಿದ್ದರೆ ಇದೂ ಇಲ್ಲ.

"ಅಕ್ಕಾ... ನೋವು... ಅಮ್ಮನ ಹತ್ರ ಹೋಗೋಣ, ಅಕ್ಕಾ!" ಮಗು ರಚ್ಚೆ ಹಿಡಿಯಿತು.

ಕನ್ನಡಿಯಲ್ಲಿ ಅವನ ಕಣ್ಣು ಮಗುವಿನ ಮೇಲೇ ನಿಂತಿತು.

ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಎದ್ದು ಬಂದ.

"ಅವಳು ನಿನ್ನನ್ನ ಅಕ್ಕ ಅಂತಾಳಾ?"

"ನಮ್ಮಮ್ಮ ಹಾಗೆ ಕಲಿಸಿದ್ದು. ಅವಳಿಗೆ ಅಮ್ಮ ಅಂದ್ರೆ ಅವರೇ." ಅವಳು ತಲೆ ತಗ್ಗಿಸಿದಳು. "ನಿಮಗ್ಯಾಕೆ ಈಗ? ಬದುಕಿದ್ದೀವೋ ಸತ್ತಿದ್ದೀವೋ ಅಂತ ಒಂದಿನ ಬಂದು ನೋಡಿದ್ರಾ?"

"ನೋಡಿಲ್ವಾ? ಮೊದಲ ವರ್ಷಪೂರ್ತಿ ಪ್ರತಿ ಭಾನುವಾರ ನಿಮ್ಮ ಗೇಟಲ್ಲಿ ನಿಂತಿದ್ದೀನಿ ಕಣೇ! ‘ಅವಳಿಗೆ ನಿನ್ನ ಮುಖ ನೋಡೋಕೂ ಇಷ್ಟ ಇಲ್ಲ’ ಅಂದ್ರು ನಿಮ್ಮಮ್ಮ. ಫೋನ್ ಮಾಡಿದ್ರೆ ನಂಬರ್ ಬ್ಲಾಕ್."

ಭಾನುವಾರ... ‘ನೀನು ಲಾಂಡ್ರಿಗೆ ಹೋಗು, ಮಗೂನ ನಾನು ನೋಡ್ಕೋತೀನಿ’ ಅಂತ ಅಮ್ಮ ಒತ್ತಾಯ ಮಾಡಿ ಕಳಿಸುತ್ತಿದ್ದ ಭಾನುವಾರ! ಅವಳು ಇಸ್ತ್ರಿಪೆಟ್ಟಿಗೆ ಹಿಡಿದು ಊರವರ ಬಟ್ಟೆ ತೀಡುವಾಗ ಇವನು ಗೇಟಿನಲ್ಲಿ ನಿಂತಿದ್ದ. ಅವಳ ಫೋನೋ, ದಿನಾ ಸಂಜೆ ಅಮ್ಮನ ಕೈಯಲ್ಲೇ ಇರುತ್ತಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳೋದು?

"ನನ್ನ ಜೊತೆ ಮನೆವರೆಗೆ ಬನ್ನಿ," ಅಂದಳು. "ಮಾತು ನಾನು ಆಡ್ತೀನಿ. ನೀವು ಸುಮ್ನೆ ನಿಂತಿರಿ."

ಅವನ ಪಾಳಿ ಮುಗಿದಿತ್ತು. ಕೀಲಿ ಒಪ್ಪಿಸಿ ಹೊರಟ.

*

"ಅಮ್ಮಾ, ಇವರು ಭಾನುವಾರ ಬರ್ತಿದ್ರಾ?"

ಕಾಲಿಗೆ ಪಟ್ಟಿ ಸುತ್ತಿಕೊಂಡು ಕೂತಿದ್ದ ಅಮ್ಮನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಬರ್ತಿದ್ದ. ಓಡಿಸ್ತಿದ್ದೆ. ಏನೀಗ?"

"ನನ್ನ ಮಗಳನ್ನ..."

"ನಿನ್ನ ಮಗಳಾ? ಎರಡು ತಿಂಗಳ ಕೂಸನ್ನ ಮಂಚದಿಂದ ಬೀಳಿಸಿದವಳು ನೀನು! ಹೆತ್ತ ಮಾತ್ರಕ್ಕೆ ತಾಯಿ ಆಗ್ತಾರಾ? ಹಸುವೂ ಹೆರುತ್ತೆ!"

ಥೂ, ನಾಲಿಗೆಗೆ ಎಲುಬಿಲ್ಲ ನಿಜ. ಆದರೆ ಹೆತ್ತ ಮಗಳಿಗೆ ಯಾರಾದರೂ ಹೀಗಂತಾರಾ?

ಇಷ್ಟು ದಿನ ಆ ಒಂದು ಮಾತಿಗೇ ಅವಳು ಬಾಯಿ ಮುಚ್ಚುತ್ತಿದ್ದಳು.

"ಬಿತ್ತು ಅಮ್ಮಾ. ನಂಗೆ ನಿದ್ದೆ ತಡೆಯೋಕಾಗ್ಲಿಲ್ಲ. ತಪ್ಪು ನಂದೇ. ತಪ್ಪು ಮಾಡಿದ್ರೂ ಅವಳ ತಾಯಿ ನಾನೇ. ಇವತ್ತು ಕರ್ಕೊಂಡು ಹೋಗ್ತೀನಿ."

"ಹೊಸ್ತಿಲು ದಾಟಿದ್ರೆ ನಿನ್ನ ಪಾಲಿಗೆ ನಾನು ಸತ್ತೆ ಅಂದ್ಕೋ!"

"ಸಾಯಬೇಡ ಅಮ್ಮಾ. ಮೊಮ್ಮಗಳನ್ನ ನೋಡೋಕೆ ಬಾ. ಅಜ್ಜಿಯಾಗಿ ಬಾ. ಬಾಗಿಲು ತಟ್ಟಿ ಬಾ."

ಅಮ್ಮ ಮಗುವಿನ ಕಡೆ ಕೈ ಚಾಚಿ, ಮೆತ್ತಗೆ, ಮುದ್ದು ಮಾಡೋ ದನಿಯಲ್ಲೇ ಅಂದಳು:

"ನೋಡು ಚಿನ್ನಾ... ಅಕ್ಕ ನಿನ್ನ ಕದ್ಕೊಂಡು ಹೋಗ್ತಿದ್ದಾಳೆ. ಇನ್ನು ಅಮ್ಮ ಸಿಗಲ್ಲ."

ಮಗು ಕಿಟಾರನೆ ಕಿರುಚಿತು. ಅವಳ ಕೈ ಕಚ್ಚಿತು, ಕೂದಲು ಹಿಡಿದು ಜಗ್ಗಿತು. "ಬಿಡು! ಕೆಟ್ಟ ಅಕ್ಕ! ಅಮ್ಮಾ... ಅಮ್ಮಾ!"

ಅವಳು ಬಿಡಲಿಲ್ಲ.

*

ಅವನ ಒಂದೇ ಕೋಣೆಯ ಮನೆ. ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಮಗು ಗೋಡೆಗೆ ಮುಖ ಮಾಡಿ ಬಿಕ್ಕುತ್ತಿತ್ತು. ಹಾಲು ಕೊಟ್ಟರೆ ಲೋಟ ತಳ್ಳಿತು, ಮುಟ್ಟಿದರೆ ಕೈ ಕೊಡವಿತು.

ಅವನು ಅವಳ ಕೈಯಲ್ಲಿದ್ದ ಹಲ್ಲಿನ ಗುರುತನ್ನು ಒದ್ದೆ ಬಟ್ಟೆಯಿಂದ ಒರೆಸಿದ.

"ಗೇಟಿಂದ ವಾಪಸ್ ಹೋಗಿದ್ದು ನನ್ನ ತಪ್ಪು. ನೀನು ಲಾಂಡ್ರಿಯಿಂದ ಬರೋವರೆಗೂ ನಿಂತಿರಬೇಕಿತ್ತು," ಅಂದ. "ನಿನ್ನ ಮೇಲೆ ಸಿಟ್ಟಿತ್ತು ಕಣೇ. ಆದ್ರೆ ಪ್ರೀತಿ ಒಂದಿನಾನೂ ಕಮ್ಮಿ ಆಗಿರಲಿಲ್ಲ."

"ನಂಗೂ..." ಅಂದವಳು ಅವನ ಭುಜಕ್ಕೆ ಹಣೆ ಒತ್ತಿ ಮನಸಾರೆ ಅತ್ತಳು.

"ಅವಳು ನಮ್ಮನ್ನ ದ್ವೇಷ ಮಾಡಿದ್ರೆ?" ಅಂದ ಅವನು, ಮಗುವನ್ನೇ ನೋಡುತ್ತಾ.

"ಮಾಡ್ಲಿ. ಎಷ್ಟು ದಿನ ಬೇಕಾದ್ರೂ ಮಾಡ್ಲಿ." ಅವಳು ಕಣ್ಣೊರೆಸಿಕೊಂಡಳು. "ನಮ್ಮ ಜೊತೇಲೇ ಇದ್ದು ಮಾಡ್ಲಿ."

"ನೀನು ತಡ್ಕೋತೀಯಾ?"

"ನೀವು ಪಕ್ಕದಲ್ಲಿರ್ತೀರಾ?"

"ಇರ್ತೀನಿ."

"ಹಾಗಾದ್ರೆ ಇನ್ನೊಂದು ಲೋಟ ಹಾಲು ಬಿಸಿ ಮಾಡಿ."