ಸೈಡ್ ವಿಂಗಿನ ‘ಒಬ್ಬರು’

ಸ್ಪೀಕರಿನಿಂದ ಅವನ ದನಿ ಬಂದ ಕೂಡಲೇ ಹಾಲಿನಲ್ಲಿದ್ದ ಹೆಂಗಸರೆಲ್ಲ ಕೈಯಲ್ಲಿದ್ದ ಕತ್ತರಿ ನಿಲ್ಲಿಸಿದರು. ನನಗೆ ಮಾತ್ರ ಆ ಕತ್ತರಿಯನ್ನೇ ಎತ್ತಿ ಸ್ಪೀಕರಿಗೆ ಎಸೆಯಬೇಕು ಅನ್ನಿಸಿತು.

ನಮ್ಮದು ಬಳ್ಳಾರಿಯ ಒಂದು ಜೀನ್ಸ್ ಯೂನಿಟ್. ಹೊಲಿದು ಬಂದ ಪ್ಯಾಂಟುಗಳ ಉಳಿದ ದಾರ ಕತ್ತರಿಸಿ, ಗುಂಡಿ ಬಡಿದು, ಮಡಿಚಿ ಇಡುವ ಕೆಲಸ. ನಾನು ಅಲ್ಲಿನ ಸೂಪರ್‌ವೈಸರ್ ಸುನಂದಾ. ಕೆಲಸ ಮಾಡುತ್ತ ಹಾಡು ಕೇಳುವುದು ನಮ್ಮಲ್ಲಿ ವಾಡಿಕೆ. ಆ ವಾರ ಹಾಡಿನ ಜಾಗಕ್ಕೆ ಚನ್ನಬಸವರಾಜ ಬಂದಿದ್ದ. ಸೀರಿಯಲ್ಲಿನಲ್ಲಿ ಭಾಸ್ಕರನ ಪಾರ್ಟು ಮಾಡಿ ಮನೆಮನೆಯ ಹೆಂಗಸರನ್ನು ಅಳಿಸಿದವನು, ಈಗ ತನ್ನ ಆತ್ಮಕಥೆಯನ್ನು ತಾನೇ ಓದಿ ಆಡಿಯೊ ಬುಕ್ ಮಾಡಿದ್ದ. ಅದನ್ನು ಫೋನಿಗೆ ಹಾಕಿಸಿಕೊಂಡು ಬಂದವಳು ದಾವಲಬೀ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು.

“ಕೇಳವಾ ಸುನಂದಾ, ದನಿ ಅಂದ್ರ ಬೆಲ್ಲದ ಪಾಕ ಐತಿ.”

“ನನಗ ಪಾಕ ಸೀದ ವಾಸನಿ ಬರಾಕತ್ತೈತಿ.”

“ಯಾಕವಾ ಇಷ್ಟು ಸಿಟ್ಟು? ಸಿರುಗುಪ್ಪದಾವ, ನಮ್ಮ ಕಡಿ ಹುಡುಗ.”

“ಅದಕ್ಕಾ ಸಿಟ್ಟು,” ಎಂದು ಗಂಟುಮುಖ ಮಾಡಿಕೊಂಡು ಪ್ಯಾಂಟುಗಳನ್ನು ಜೋಡಿಸತೊಡಗಿದೆ.

ಅವನು ಓದುತ್ತ ಹೋದ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಅಪ್ಪನ ಜೊತೆ ಮೂಟೆ ಹೊತ್ತದ್ದು ಬಂತು. ಟಿಕೆಟ್ ಕೇಳದೆ ಕುರುಗೋಡಿಗೆ ಕರೆದುಕೊಂಡು ಹೋಗುತ್ತಿದ್ದ ಕಂಡಕ್ಟರ್ ಗವಿಸಿದ್ದಪ್ಪ ಬಂದ. ನಾಟಕದ ತಾಲೀಮಿಗೆ ಬಿಸಿ ಮಿರ್ಚಿ ಕಳಿಸುತ್ತಿದ್ದ ಜಡೆಮ್ಮ ಬಂದಳು. ನಾಯಕನ ಕೊರಳಿನ ಹಾರ ತಿಂದ ಆಡಿಗೂ ಅವನ ಪುಸ್ತಕದಲ್ಲಿ ಒಂದು ಹೆಸರಿತ್ತು.

ಆಮೇಲೆ ಆ ವಾಕ್ಯ ಬಂತು. “ಕುರುಗೋಡಿನ ನಾಟಕಗಳಲ್ಲಿ ನನಗೆ ಮಾತು ಮರೆತುಹೋಗುತ್ತಿತ್ತು. ಆಗ ಸೈಡ್ ವಿಂಗಿನಿಂದ ನನಗೆ ಮಾತು ಕೊಡುತ್ತಿದ್ದವರು…” ಎಂದು ನಿಂತ. ಉದ್ದಕ್ಕೆ ಉಸಿರೆಳೆದುಕೊಂಡ. ಕೊನೆಗೆ, “ಒಬ್ಬರು ಇದ್ದರು,” ಎಂದು ಮುಂದಕ್ಕೆ ಹೋದ.

ಒಬ್ಬರು. ಆಡಿಗೆ ಹೆಸರಿದೆ, ನಾನು ಒಬ್ಬರು.

ನಮ್ಮಪ್ಪ ಕುರುಗೋಡಿನ ವಿರೂಪಾಕ್ಷಿ ಮಾಸ್ತರು. ಸುತ್ತಿನ ಹಳ್ಳಿಯ ಹುಡುಗರಿಗೆ ನಾಟಕ ಕಲಿಸುವುದು ಅವರ ಕಸುಬು. ನಾಟಕದ ದಿನ ಮಾಸ್ತರು ಹಾರ್ಮೋನಿಯಂ ಮುಂದೆ ಕೂರಬೇಕು, ಹಾಗಾಗಿ ನಾಟಕದ ಪುಸ್ತಕ ಹಿಡಿದು ಪರದೆಯ ಮರೆಯಲ್ಲಿ ನಿಲ್ಲುವ ಪ್ರಾಂಪ್ಟರ್ ನಾನು. ಸ್ಟೇಜಿನ ಮೇಲಿದ್ದವನಿಗೆ ಮಾತು ತಪ್ಪಿದರೆ ನಾನು ಪಿಸುಗುಟ್ಟಬೇಕು, ಅವನು ಅದನ್ನು ಜೋರಾಗಿ ಹೇಳಬೇಕು.

ಚನ್ನಬಸವರಾಜ ಎಲ್ಲರಿಗಿಂತ ಹೆಚ್ಚು ಮರೆಯುತ್ತಿದ್ದ. ಉಸಿರೆಳೆದುಕೊಂಡು, ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡು, ಎಡಕ್ಕೆ ನನ್ನ ಕಡೆ ನೋಡುತ್ತಿದ್ದ. ನಾಯಕಿ ಪಾರ್ಟಿಗೆ ಹೊರಗಿನಿಂದ ಬಂದ ಕಲಾವಿದೆ ಪಾಪ ಎದುರಿಗೇ ನಿಂತಿರುತ್ತಿದ್ದಳು. ಪ್ರೀತಿಯ ಮಾತೆಲ್ಲ ಪರದೆಯ ಕಡೆಗೆ ಬರುತ್ತಿತ್ತು. ಸ್ವಲ್ಪ ದಿನದಲ್ಲೇ ನನಗೆ ಅವನ ಕಳ್ಳಾಟ ತಿಳಿಯಿತು. ಮಾತು ನಿಜವಾಗಿ ಮರೆತವನ ಕಣ್ಣು ಹೆದರಿರುತ್ತದೆ. ಇವನ ಕಣ್ಣು ನಗುತ್ತಿತ್ತು.

ಒಮ್ಮೆ ರೇಗಿ ಖಳನಾಯಕನ ಮಾತು ಕೊಟ್ಟೆ. “ನಿನ್ನನ್ನು ಈ ಜನ್ಮದಲ್ಲಿ ಸುಮ್ಮನೆ ಬಿಡುವುದಿಲ್ಲ.” ಅವನು ಅದನ್ನೇ ನನ್ನತ್ತ ನೋಡುತ್ತ ಎಷ್ಟು ಮೆತ್ತಗೆ ಹೇಳಿದನೆಂದರೆ ಜನ ಸಿಳ್ಳೆ ಹೊಡೆದರು. ನನ್ನ ಕೈಯಲ್ಲಿದ್ದ ಪುಸ್ತಕ ಕೆಳಗೆ ಬಿತ್ತು.

“ಮಾತು ಗೊತ್ತಿದ್ರೂ ಯಾಕ ನಿಂದರ್ತೀಯಲೇ?” ಎಂದು ಆಮೇಲೆ ಜಗಳ ತೆಗೆದೆ.

“ನೀ ಪಿಸುಗುಟ್ಟೂದು ಕೇಳಾಕ.”

“ಮಂದಿ ನೋಡ್ತಾರ.”

“ಮಂದಿ ನನ್ನ ನೋಡ್ತಾರ. ನಿನ್ನ ನೋಡಾವ ನಾ ಒಬ್ಬನಾ.”

ಇಷ್ಟು ಮಾತು ಬಲ್ಲವನು ಕೊನೆಗೆ ಮಾಡಿದ್ದೇನು? ಸೀರಿಯಲ್ಲಿಗೆ ಆಯ್ಕೆಯಾದಾಗ ಸಿರುಗುಪ್ಪದಲ್ಲಿ ಸನ್ಮಾನ ಇಟ್ಟುಕೊಂಡಿದ್ದರು. ಶಾಲು ಹೊದಿಸಿದ ಮೇಲೆ ಅವನು ಮೈಕ್ ಹಿಡಿದು, ಕುರುಗೋಡಿನ ಮಾಸ್ತರ ಮಗಳು ಸುನಂದಾಳನ್ನೇ ಮದುವೆಯಾಗುತ್ತೇನೆ ಎಂದು ಸಾರಿಬಿಟ್ಟ. ಜನ ಕುಣಿದಾಡಿದರು. ಮುಂದಿನ ಸಾಲಿನಲ್ಲಿದ್ದ ಅಪ್ಪ ತಲೆ ತಗ್ಗಿಸಿದರು. ಅವರಿಗೆ ವಿಷಯ ಗೊತ್ತಾಗಿದ್ದು ಆಗಲೇ. ನನಗೂ ಆಗಲೇ. ಮದುವೆಯಾಗುತ್ತೀಯಾ ಎಂದು ಅವನು ನನ್ನನ್ನು ಒಂದು ದಿನವೂ ಕೇಳಿರಲಿಲ್ಲ.

ಸ್ಟೇಜಿನ ಹಿಂದೆ ಹೋಗಿ ಮುಖಕ್ಕೆ ಹೊಡೆದ ಹಾಗೆ ಹೇಳಿದೆ. “ನನ್ನ ಕೇಳಿದ್ಯೇನು? ಅಪ್ಪನ್ನ ಕೇಳಿದ್ಯೇನು? ಇನ್ನೊಮ್ಮೆ ನಾಲ್ಕು ಮಂದಿ ಮುಂದ ನನ್ನ ಹೆಸರು ಎತ್ತಿದಿ ಅಂದ್ರ ನನ್ನ ಮಾರಿ ನೋಡಬ್ಯಾಡ.”

ಅವನು ಶಾಲು ಮಡಿಚಿಕೊಂಡು ಹೊರಟುಹೋದ. ವರ್ಷಗಳಾದವು. ಅಂದು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿದೆ ಎಂದು ನನಗೆ ಇವತ್ತಿಗೂ ಅನ್ನಿಸಿಲ್ಲ. ಆದರೆ ನಾಲ್ಕು ಮಂದಿ ಇಲ್ಲದಾಗ ಬಂದು ಕೇಳಬೇಡ ಎಂದು ನಾನು ಯಾವಾಗ ಹೇಳಿದ್ದೆ? ಬಂದ ಗಂಡುಗಳನ್ನೆಲ್ಲ ನಾನು ಒಲ್ಲೆ ಅಂದದ್ದು ಯಾರಿಗಾಗಿ? ಆ ಮನುಷ್ಯ ಈಗ ಊರಿಗೆಲ್ಲ ತನ್ನ ಜೀವನ ಹೇಳುತ್ತಿದ್ದಾನೆ, ಅದರಲ್ಲಿ ನಾನು ‘ಒಬ್ಬರು’.

ಮರುದಿನವೂ ದಾವಲಬೀ ಅದನ್ನೇ ಹಚ್ಚಿದಳು. ಮುಂದಿನ ಅಧ್ಯಾಯಗಳಲ್ಲೂ ಅವನು ನಿಲ್ಲುತ್ತಿದ್ದ. ಮೊದಲ ಸಲ ಕ್ಯಾಮೆರಾ ಮುಂದೆ ನಿಂತಾಗ ನೆನಪಾದವರು… ಉಸಿರು… ಒಬ್ಬರು. ಪ್ರಶಸ್ತಿ ಬಂದ ದಿನ ಫೋನ್ ಮಾಡಬೇಕೆನಿಸಿದ್ದು… ಉಸಿರು… ಒಬ್ಬರಿಗೆ.

“ನೆಟ್ ಹೋತೇನು?” ಎಂದು ದಾವಲಬೀ ಫೋನ್ ಕುಟ್ಟಿದಳು.

ನೆಟ್ ಹೋಗಿರಲಿಲ್ಲ. ಆ ಉಸಿರು ನನಗೆ ಗೊತ್ತು. ಅವನು ಎಡಕ್ಕೆ ನೋಡುತ್ತಿದ್ದಾನೆ. ರೆಕಾರ್ಡಿಂಗ್ ರೂಮಿನ ಗೋಡೆಯ ಕಡೆ ನೋಡುತ್ತ, ನನ್ನಿಂದ ಮಾತು ಬರಲಿ ಎಂದು ಕಾಯುತ್ತಿದ್ದಾನೆ. ನಾನು ಹೆಸರು ಎತ್ತಬೇಡ ಅಂದಿದ್ದಕ್ಕೆ ಎತ್ತಿಲ್ಲ, ಆದರೆ ಹೆಸರಿನ ಜಾಗ ಹಾಗೇ ಬಿಟ್ಟಿದ್ದಾನೆ. ಅಂದರೆ ಮರೆತಿಲ್ಲ. ಮರೆತಿದ್ದರೆ ಕ್ಷಮಿಸಬಹುದಿತ್ತು. ನೆನಪಿದ್ದೂ ಬಾರದವನನ್ನು ಏನು ಮಾಡಬೇಕು?

“ಹೇಳಲೇ,” ಎಂದು ಸ್ಪೀಕರಿಗೆ ಗದರಿಬಿಟ್ಟೆ. “ಬಾಯಾಗ ಕಡುಬು ಇಟ್ಕೊಂಡೀಯೇನು?”

ದಾವಲಬೀ ಪುಸ್ತಕ ನಿಲ್ಲಿಸಿ ನನ್ನನ್ನೇ ನೋಡಿದಳು. “ಆ ಒಬ್ಬರು ನೀನಾ ಏನು?”

ನಾನು ಪ್ಯಾಂಟು ಮಡಿಚತೊಡಗಿದೆ. ಅವಳಿಗೆ ಉತ್ತರ ಬೇಕಾಗಿಯೂ ಇರಲಿಲ್ಲ. “ಭಾನುವಾರ ಬಳ್ಳಾರಿಗೆ ಬರ್ತಾನಂತ. ಕಡೀ ಅಧ್ಯಾಯ ಮಂದಿ ಮುಂದ ಓದ್ತಾನಂತ. ಹೋಗೂಣು.”

“ನಾ ಬರಂಗಿಲ್ಲ.”

“ಬೈಯಾಕರ ಬಾ.”

ಬೈಯಲೆಂದೇ ಹೋದೆ. ಬೈಯಲು ಹೋಗುವಾಗಲೂ ಇಳಕಲ್ ಸೀರೆ ಯಾಕೆ ಉಟ್ಟೆ ಎಂದು ದಾವಲಬೀ ಕೇಳಿದಳು. ಅವಳ ಮೇಲೂ ರೇಗಿದೆ.

ಬೆಳಗಿನ ಕಾರ್ಯಕ್ರಮ, ಹಾಲ್ ತುಂಬಿತ್ತು. ಕುರ್ಚಿ ಸಿಗದೆ ನಾವು ಸ್ಟೇಜಿನ ಎಡಗಡೆಯ ಬಾಗಿಲಲ್ಲಿ ನಿಂತೆವು. ಅವನು ಬಿಳಿ ಅಂಗಿ ತೊಟ್ಟು ಬಂದ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಮೊದಲಿಗಿಂತ ಚೆಂದ ಕಾಣುತ್ತಿದ್ದ, ಅದಕ್ಕೂ ಸಿಟ್ಟು ಬಂತು. ಓದಲು ಶುರುಮಾಡಿ ಪುಟ ತಿರುವುವಾಗ ತಲೆಯೆತ್ತಿದ. ನನ್ನನ್ನು ನೋಡಿದ. ಪುಟ ಅವನ ಬೆರಳಲ್ಲೇ ಉಳಿಯಿತು.

ಸಾವರಿಸಿಕೊಂಡು ಓದಿದ. “ನೀವು ಮೆಚ್ಚಿದ ಮಾತೆಲ್ಲ ಬೇರೆಯವರು ಬರೆದುಕೊಟ್ಟ ಮಾತು. ನನಗೆ ಮಾತಾಡುವ ಧೈರ್ಯ ಕೊಟ್ಟವರು ಮಾತ್ರ…”

ನಿಂತ. ಉಸಿರೆಳೆದುಕೊಂಡ. ಇಲ್ಲದ ಶಲ್ಯವನ್ನು ಹೆಗಲ ಮೇಲೆ ಸರಿಮಾಡಿಕೊಂಡ. ಎಡಕ್ಕೆ ನೋಡಿದ.

ಈ ಸಲ ‘ಒಬ್ಬರು’ ಬರಲಿಲ್ಲ. ಅವನು ಸುಮ್ಮನೆ ನಿಂತೇ ಇದ್ದ. ಜನ ಕೆಮ್ಮಿದರು, ಕುರ್ಚಿ ಸರಿಸಿದರು. “ಕನ್ನಡಕ ಬೇಕೇನ್ರಿ ಸರ?” ಎಂದು ಒಬ್ಬ ಕೂಗಿದ, ಹಿಂದಿನ ಸಾಲಿನವರು ನಕ್ಕರು. ಸಂಘಟಕರು ನೀರು ತಂದು ಇಟ್ಟರು. ಅವನು ಮುಟ್ಟಲಿಲ್ಲ.

ನನ್ನ ಹಿಂದೆಯೇ ಬಾಗಿಲಿತ್ತು. ಹೊರಗೆ ನಡೆದರೆ ಆಗಿಹೋಗುತ್ತಿತ್ತು. ನಾಲ್ಕು ಮಂದಿ ಮುಂದೆ ಅವನ ಮರ್ಯಾದೆ ಹೋಗುತ್ತಿತ್ತು, ಅಂದು ನಮ್ಮಪ್ಪನದು ಹೋದ ಹಾಗೆ. ನಾನು ಕೊನೆತನಕ ‘ಒಬ್ಬರು’ ಆಗಿ ಉಳಿಯುತ್ತಿದ್ದೆ. ಅವನ ಕಣ್ಣು ನೋಡಿದೆ. ನಗುತ್ತಿರಲಿಲ್ಲ. ಹೆದರಿತ್ತು, ನಿಜವಾಗಿ ಹೆದರಿತ್ತು. ಸ್ಟೇಜಿನ ಮೇಲೆ ಮಾತು ತಪ್ಪಿ ನಿಂತವನನ್ನು ನೋಡುತ್ತ ಸುಮ್ಮನಿರುವುದನ್ನು ನಮ್ಮಪ್ಪ ನನಗೆ ಕಲಿಸಿರಲಿಲ್ಲ.

“ಸುನಂದಾ,” ಎಂದೆ. ಪಿಸುಗುಟ್ಟಲಿಲ್ಲ, ಹಾಲಿಗೆಲ್ಲ ಕೇಳುವಂತೆ ಹೇಳಿದೆ. “ಹೆಸರು ಸುನಂದಾ. ಮುಂದ ಓದು.”

“ಸುನಂದಾ,” ಎಂದು ಅವನು ಮೈಕಿನಲ್ಲಿ ಹೇಳಿದ. ಮುಂದಿನ ಸಾಲು ಓದುವಾಗ ಬೆಲ್ಲದ ಪಾಕದಂಥ ಆ ದನಿ ಪೂರ್ತಿ ಒಡೆದುಹೋಯಿತು. ದಾವಲಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ಜನ ನನ್ನ ಕಡೆ ತಿರುಗಿ ನೋಡುತ್ತಿದ್ದರು, ನಾನು ಯಾರಿಗೂ ಹೆದರಲಿಲ್ಲ.

ಮುಗಿದ ಮೇಲೆ ಅವನು ಸ್ಟೇಜಿನ ಹಿಂದಿನ ಕೋಣೆಗೆ ಬಂದ. ಸೆಲ್ಫಿಗೆ ಬಂದವರನ್ನು ದಾವಲಬೀ ಬಾಗಿಲಿಗೆ ಅಡ್ಡ ನಿಂತು ತಡೆದಳು.

“ಹೆಸರು ಎತ್ತಬ್ಯಾಡ ಅಂದಿದ್ದೆ,” ಎಂದು ಶುರುಮಾಡಿದೆ.

“ನಾ ಎತ್ತಲಿಲ್ಲ. ನೀನಾ ಹೇಳ್ದಿ. ಪ್ರಾಂಪ್ಟ್ ಬಂದ ಮ್ಯಾಲ ಹೇಳಬೇಕಲ್ಲ.”

“ನಗಬ್ಯಾಡ. ಇಷ್ಟು ವರ್ಷ ಎಲ್ಲಿ ಸತ್ತಿದ್ದಿ? ಬಂದು ಒಂದು ಮಾತು ಕೇಳಾಕ ಏನಾಗಿತ್ತು?”

ಅವನ ನಗು ಹೋಯಿತು. “ಎರಡು ಸಲ ಕುರುಗೋಡು ಬಸ್‌ಸ್ಟ್ಯಾಂಡಿನ ತನಕ ಬಂದಿದ್ದೆ. ಇಳಿದು ನಿಂತೆ. ನಿನ್ನ ಮುಂದ ಏನ್ ಹೇಳಬೇಕು ತಿಳೀಲಿಲ್ಲ, ವಾಪಸ್ ಹೋದೆ. ಮೈಕ್ ಇದ್ರ ಧೈರ್ಯ ಬರ್ತೈತಿ ನನಗ. ಬರದುಕೊಟ್ಟ ಮಾತಿದ್ರ ಬರ್ತೈತಿ.”

“ಇಲ್ಲಿ ಮೈಕ್ ಇಲ್ಲ.”

“ಹೂಂ.”

“ಮಂದಿನೂ ಇಲ್ಲ.”

ಅವನು ಉದ್ದಕ್ಕೆ ಉಸಿರೆಳೆದುಕೊಂಡ. ಕೈ ತಾನಾಗಿ ಹೆಗಲಿಗೆ ಹೋಯಿತು. ಅಭ್ಯಾಸದಂತೆ ಎಡಕ್ಕೆ ನೋಡಿದ. ಅಲ್ಲಿ ಬರೀ ಗೋಡೆಯಿತ್ತು, ನಾನು ಎದುರಿಗಿದ್ದೆ. ಹೇಳಿಕೊಡುವ ಮಾತು ನನ್ನ ನಾಲಗೆಯ ತುದಿಗೇ ಬಂದಿತ್ತು. ಹಲ್ಲು ಕಚ್ಚಿ ತಡೆದೆ.

“ಈ ಮಾತು ಮಾತ್ರ ನಾ ಕೊಡಂಗಿಲ್ಲ,” ಎಂದೆ. “ನೀನಾ ಹೇಳಬೇಕು. ಆಮ್ಯಾಲ ನಾಳಿ ಕುರುಗೋಡಿಗೆ ಬಂದು ಅಪ್ಪನ ಮುಂದ ಕುಂತು ಇನ್ನೊಮ್ಮೆ ಹೇಳಬೇಕು.”

ಅವನು ತಡವರಿಸಿದ. ಒಂದು ಸಲ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡಿದ. ನಾಡಿಗೆಲ್ಲ ಗೊತ್ತಿರುವ ಆ ದನಿಯಲ್ಲಿ ಅಷ್ಟು ಕೆಟ್ಟದಾಗಿ ಯಾವ ಮಾತೂ ಬಂದಿರಲಿಕ್ಕಿಲ್ಲ. ಆದರೆ ಪೂರ್ತಿ ಹೇಳಿದ, ನನ್ನನ್ನೇ ನೋಡುತ್ತ ಹೇಳಿದ.

ಏನು ಹೇಳಿದ ಎಂದು ಇಲ್ಲಿ ಬರೆಯುವುದಿಲ್ಲ, ನಾಲ್ಕು ಮಂದಿ ಓದುತ್ತೀರಿ. ನಾನು ಹೂಂ ಅಂದೆ, ಅದನ್ನೂ ಸಿಟ್ಟಿನಿಂದಲೇ ಅಂದೆ.