ವಿಲ್ಫ್‌ನ ಲಾರಿಯ ಬಾಗಿಲು

ಬ್ರೇಕ್ ಕೈಕೊಟ್ಟರೆ ಹೊರಗೆ ಹಾರಬೇಕಲ್ಲ ಎಂದು, ಶ್ಯಾಪ್ ಬೆಟ್ಟದ ಕಡಿದಾದ ರಸ್ತೆ ಇಳಿಯುವಾಗ ಹಿಂದಿನ ಕಾಲದ ಲಾರಿ ಚಾಲಕರು ತಮ್ಮ ಬಾಗಿಲನ್ನು ಮೊಣಕೈಯಿಂದ ತುಸು ತೆರೆದು ಹಿಡಿಯುತ್ತಿದ್ದರು. ಅದೇ ಇಳಿಜಾರಿನಲ್ಲಿ ಲಾರಿ ಉರುಳಿ ಸತ್ತ ಚಾಲಕ ವಿಲ್ಫ್‌ನ ಹೆಣ ಸಿಕ್ಕಿದ್ದು ಮುಚ್ಚಿದ ಬಾಗಿಲಿನ ಹಿಂದೆ. ಹಾಗಾಗಿ ಅವನು ನಿದ್ದೆಹೋಗಿದ್ದನೆಂದು ನಮ್ಮೂರು ಪ್ರೆಸ್ಟನ್ನಿನ ಚಾಲಕರು ತೀರ್ಮಾನಿಸಿದರು. ಸತ್ತವರ ತಪ್ಪು ಹುಡುಕುವಾಗ ಅವರು ಎಂದೂ ತೂಕಡಿಸಿದವರಲ್ಲ.

ಮೂವತ್ತು ವರ್ಷಗಳ ನಂತರ ಅವನ ಹೆಂಡತಿ ಎಡ್ನಾ ಆ ಲಾರಿಯ ಗೇಣುದ್ದದ ಮಾದರಿಯನ್ನು ನನ್ನಿಂದ ಮಾಡಿಸಿದರು. ಒಯ್ಯಲು ಬಂದದ್ದು ಮಧ್ಯಾಹ್ನ, ಚಹಾದ ಹೊತ್ತಿಗೆ.

“ಬಾಗಿಲು ತೆಗ್ದಿಡು ಅಂದಿದ್ದೆನಲ್ಲೋ ಮಾರಾಯ.”

“ಅಪಘಾತದ ಫೋಟೋದಲ್ಲಿ ಮುಚ್ಚಿತ್ತು ಕಣಮ್ಮ. ನಾನು ಫೋಟೋ ನೋಡಿ ಮಾಡೋನು.”

“ಫೋಟೋ ತೆಗೆದೋನು ಲಾರಿ ಓಡಿಸ್ತಿದ್ನಾ?”

ನಾನು ಚಹಾ ಬಗ್ಗಿಸಿದೆ. ಬ್ರೇಕ್ ಸುಟ್ಟ ವಾಸನೆ ಬಂತು. ಮಾದರಿಯ ಚಕ್ರ ಮುಟ್ಟಿದರೆ ಕಾದ ಹಂಚು. ಟಕ್ ಎಂದಿತು, ಬಾಗಿಲು ಕಡ್ಡಿಯಗಲ ತೆರೆದುಕೊಂಡಿತು. ಮುಚ್ಚಿದೆ. ಮತ್ತೆ ತೆರೆಯಿತು. ಬೆರಳಿಟ್ಟು ಒತ್ತಿದರೆ ಒಳಗಿಂದಲೂ ಯಾರೋ ಒತ್ತುತ್ತಿದ್ದರು.

“ಬಿಡಪ್ಪ, ಅವನ ಮೊಣಕೈ ನೋಯುತ್ತೆ,” ಎಂದರು ಎಡ್ನಾ.

ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ಅವರು ಬಸ್ಸಿನಲ್ಲಿ ಮನೆಗೆ ಹೋದರು. ಆ ಬಾಗಿಲಿಗೆ ನಾನು ಕೀಲು ಹಾಕಿರಲಿಲ್ಲ. ಆ ಬದಿಯೆಲ್ಲ ಒಂದೇ ತಗಡು. ಬಾಗಿಲೆಂದು ತೋರಲು ಮೇಲೊಂದು ಗೆರೆ ಕೊರೆದಿದ್ದೆ, ಅಷ್ಟೆ.