ಪಾಕದಲ್ಲಿ ಬೆಂದ ಹೆಣ

ಊಟ ಮುಗಿಸಿ ಕೆಲಸದವರು ಮರಳಿದಾಗ ಮೂರನೆಯ ಹಂಡೆಯ ಬಾಯಿಂದ ಎರಡು ಕಾಲುಗಳು ಹೊರಗೆ ಚಾಚಿದ್ದವು.

ಟಾನಿಕ್ ಕಾರ್ಖಾನೆಯ ಕೆಮಿಸ್ಟ್‌ನ ಕಾಲುಗಳು. ಸೊಂಟದಿಂದ ಮೇಲೆ ಆತ ಕುದಿಯುವ ಸಕ್ಕರೆ ಪಾಕದಲ್ಲಿ ಮುಳುಗಿದ್ದ. ಹೊರಗೆಳೆಯುವಾಗ ಇಬ್ಬರ ಕೈ ಬೆಂದವು. ಮುಖ ಗುರುತು ಸಿಗುವಂತಿರಲಿಲ್ಲ. ತಲೆಯ ಹಿಂಭಾಗ ಮೂರು ಕಡೆ ಒಡೆದಿತ್ತು. ವಾಲ್ವ್ ತಿರುಗಿಸುವ ಮೊಳದುದ್ದದ ಸ್ಪ್ಯಾನರ್ ಪಕ್ಕದಲ್ಲೇ ಬಿದ್ದಿತ್ತು. ಅದರ ತುದಿಗೆ ಕೂದಲು ಅಂಟಿತ್ತು. ಸುತ್ತ ಚೆಲ್ಲಿದ ಪಾಕ ಆಗಲೇ ಗಟ್ಟಿಯಾಗುತ್ತಿತ್ತು.

ಇನ್‌ಸ್ಪೆಕ್ಟರ್ ಬರುವಷ್ಟರಲ್ಲಿ ಕೊಲೆಗಾರ ಸಿಕ್ಕಿಬಿಟ್ಟಿದ್ದ. ಹಾಗೆಂದು ಕಾರ್ಖಾನೆಯ ಯಜಮಾನರು ಹೇಳಿದರು.

ಯಜಮಾನರ ಮುಖ ಆ ಇನ್‌ಸ್ಪೆಕ್ಟರಮ್ಮನಿಗೆ ಹೊಸದಲ್ಲ. ಪ್ರತಿ ಬಾಟಲಿಯ ಮೇಲೂ ಅದೇ ನಗುಮುಖ. ಚಿಕ್ಕಂದಿನಲ್ಲಿ ಅಮ್ಮ ಮೂಗು ಹಿಡಿದು ಅದೇ ಟಾನಿಕ್ ಕುಡಿಸಿದ್ದಳು. ಎಪ್ಪತ್ತರ ಹತ್ತಿರದ ವಯಸ್ಸು, ಇನ್ನೂ ಗಟ್ಟಿ ಆಳು. ಆದರೆ ಈಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದರು. ಹೆಜ್ಜೆಹೆಜ್ಜೆಗೂ ಹಿಮ್ಮಡಿ ಶೂನಿಂದ ಜಾರಿ ಟಪ್ಪೆನ್ನುತ್ತಿತ್ತು. ಪಾಪ, ಮುದುಕರ ಜಂಘಾಬಲವೇ ಉಡುಗಿದೆ ಎಂದುಕೊಂಡಳು.

"ನನ್ನ ಮಗನ ಹಾಗಿದ್ದ ಕಣಮ್ಮ," ಎಂದರು. "ಆ ಲಾರಿ ಡ್ರೈವರ್ ಮುಗಿಸಿಬಿಟ್ಟ."

* * *

ಕೈಕಾಲು ಕಟ್ಟಿಸಿಕೊಂಡು ಡ್ರೈವರ್ ಗೇಟಿನ ಕೋಣೆಯಲ್ಲಿ ಬಿದ್ದಿದ್ದ. ಆರು ವರ್ಷ ಇದೇ ಟಾನಿಕ್ ಸಾಗಿಸಿದವನು. ಹತ್ತು ದಿನದ ಹಿಂದೆ ಅವನ ನಾಲ್ಕು ವರ್ಷದ ಮಗಳು ತೀರಿಕೊಂಡಿದ್ದಳು. ಬೆಳಿಗ್ಗೆ ಗೇಟಿನೆದುರು ನಿಂತು, ಒಬ್ಬೊಬ್ಬರನ್ನೂ ಹೂತುಹಾಕುತ್ತೇನೆಂದು ಕೂಗಾಡಿದ್ದನ್ನು ಇನ್ನೂರು ಜನ ಕೇಳಿದ್ದರು. ಊಟದ ಹೊತ್ತಿನಲ್ಲಿ ಹಿಂದಿನ ಗೋಡೆ ಹಾರಿ ಬಂದವನನ್ನು ಕಾವಲಿನವರು ಪ್ರಯೋಗಶಾಲೆಯ ಬಾಗಿಲಲ್ಲಿ ಹಿಡಿದಿದ್ದರು. ಒಳಗೆ ಗಾಜಿನ ಬೀರು ನುಚ್ಚುನೂರಾಗಿತ್ತು. ಕಾವಲಿನವರು ಅವನ ಪಕ್ಕೆಲುಬು ಮುರಿದು ಎರಡು ಹಲ್ಲು ಉದುರಿಸಿದ್ದರು. ಅಂಗಿಯೆಲ್ಲ ಅವನದೇ ರಕ್ತ.

ಮಗಳಿಗೆ ಕೆಮ್ಮಿಗೆಂದು ಕುಡಿಸಿದ್ದು ಇದೇ ಕಾರ್ಖಾನೆಯ ಟಾನಿಕ್. ಎರಡನೆಯ ದಿನ ಮೂತ್ರ ನಿಂತಿತು, ಮೈ ಊದಿತು, ಮೂರನೆಯ ದಿನ ಹೋದಳು. ಉಳಿದ ಅರ್ಧ ಬಾಟಲಿಯನ್ನು ಅವನು ಕೆಮಿಸ್ಟ್‌ಗೆ ಕೊಟ್ಟಿದ್ದ.

"ಇವತ್ತು ಊಟದ ಟೈಮಲ್ಲಿ ಬಾ, ಇಬ್ಬರೂ ಔಷಧಿ ಇಲಾಖೆಗೆ ಹೋಗೋಣ ಅಂದಿದ್ರು," ಎಂದು ರಕ್ತ ಉಗುಳಿದ. "ನನ್ನ ಮಾತು ನಂಬಿದ್ದು ಅವರೊಬ್ರೇ ಮೇಡಂ. ಅವರನ್ನ ನಾನ್ಯಾಕೆ ಕೊಲ್ಲಲಿ?"

ಅಷ್ಟರಲ್ಲಿ ಎಸ್ಪಿ ಸಾಹೇಬರ ಫೋನ್. ಮೇಲಿನವರು ಎರಡು ಸಲ ವಿಚಾರಿಸಿದ್ದಾರೆ, ಸಂಜೆಯೊಳಗೆ ಡ್ರೈವರ್‌ನನ್ನು ಒಳಗೆ ಹಾಕಿ ಮುಗಿಸಿ ಎಂದರು. ಆಕೆ ಹೂಂ ಎಂದು ಫೋನ್ ಇಟ್ಟಳು. ಮೈ ಉರಿದುಹೋಯಿತು. ಡ್ರೈವರ್‌ನ ಕಟ್ಟು ಬಿಚ್ಚಿಸಿ, ನೀರು ಕೊಡಿಸಿ, ಪ್ರಯೋಗಶಾಲೆಗೆ ನಡೆದಳು.

* * *

ಪ್ರತಿ ಬ್ಯಾಚಿನಿಂದ ಎರಡೆರಡು ಬಾಟಲಿ ಆ ಬೀರುವಿನಲ್ಲಿ ಇಡುವುದು ನಿಯಮ. ಆಕೆ ಮತ್ತು ಜೊತೆಗೆ ಬಂದಿದ್ದ ದಫೇದಾರ ಅಂಟುನೆಲದ ಮೇಲೆ ಕೂತು ಲೇಬಲ್‌ಗಳನ್ನು ಆಯ್ದರು. ದಫೇದಾರ ಎರಡು ಸಲ ಬೆರಳು ಕುಯ್ದುಕೊಂಡ. ಕೊನೆಗೆ ಎಲ್ಲ ಬ್ಯಾಚಿನ ಚೂರುಗಳೂ ಸಿಕ್ಕವು, ಒಂದರದ್ದು ಬಿಟ್ಟು. ಅದು ಡ್ರೈವರ್‌ನ ಮಗಳು ಕುಡಿದ ಬ್ಯಾಚು. ಅವನು ಕೊಟ್ಟಿದ್ದ ಅರ್ಧ ಬಾಟಲಿಯೂ ಮಾಯ.

"ಸಿಟ್ಟಲ್ಲಿ ಒಡೆಯೋನು ಲೇಬಲ್ ಓದ್ಕೊಂಡು ಒಡೀತಾನೇನ್ರೀ?" ಎಂದಳು.

ಡ್ರೈವರ್‌ನ ಮೈಮೇಲೂ ದಾರಿಯಲ್ಲೂ ಬಾಟಲಿ ಇರಲಿಲ್ಲ. ಅವನಿಗೆ ಅದು ಸಾಕ್ಷಿ, ಮುಚ್ಚಿಹಾಕಿ ಏನು ಬರಬೇಕು? ಹಾಗಾದರೆ ಒಳಗಿನವರೇ.

ಸರಕು ತರಿಸುವುದು ಯಜಮಾನರ ಅಳಿಯ. ಆಕೆ ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿ ಕೇಳಿದಳು. ಅವನ ಮುಖ ಬಿಳಿಚಿತು. ಔಷಧಿಗೆ ಹಾಕುವ ದ್ರವದ ಬದಲು ಎಂಜಿನ್ ತಂಪಿಡುವ ಅಗ್ಗದ ದ್ರವ ಬಂದದ್ದು ನಿಜ ಎಂದು ತೊದಲಿದ. ಊಟದ ಹೊತ್ತಿನಲ್ಲಿ ಒಬ್ಬನೇ ಗೋದಾಮಿನಲ್ಲಿದ್ದೆ, ಕಂಡವರು ಯಾರೂ ಇಲ್ಲ ಎಂದ. ಇವನೇ ಎಂದು ದಫೇದಾರ ಬೇಡಿ ತೆಗೆದ. ಆಕೆಗೂ ಹಾಗೇ ಅನ್ನಿಸಿತ್ತು.

ಅಂಗಳಕ್ಕೆ ಬಂದಾಗ ಸುಟ್ಟ ಸಕ್ಕರೆಯ ಕಮರು ಮೂಗಿಗೆ ಬಡಿಯಿತು. ಹಂಡೆಗಳ ಕಡೆಯಿಂದಲ್ಲ, ಬಾಯ್ಲರ್ ಮನೆಯಿಂದ. ಅಲ್ಲಿ ಸಕ್ಕರೆಗೇನು ಕೆಲಸ?

* * *

ಸಲಾಕೆ ಹಾಕಿ ಒಲೆಯ ಕೆಂಡ ಕೆದಕಿಸಿದಳು. ಕರಗಿ ಮುದ್ದೆಯಾದ ಗಾಜು ಬಂತು. ಅದರ ಹಿಂದೆ ಒಂದು ಸಣ್ಣ ಉಕ್ಕಿನ ಪಟ್ಟಿ, ಆಮೇಲೆ ಇನ್ನೊಂದು. ಒಳ್ಳೆಯ ಚರ್ಮದ ಶೂಗಳ ಅಟ್ಟೆಯೊಳಗೆ ಕೂರಿಸುವಂಥವು.

ಮಾವನನ್ನೂ ಅಳಿಯನನ್ನೂ ಅಲ್ಲಿಗೇ ಕರೆಸಿದಳು. ಅಳಿಯನ ಶೂ ಕಾಲಿಗೆ ಕಚ್ಚಿ ಕೂತಿತ್ತು. ಯಜಮಾನರು ಟಪ್ ಟಪ್ ಎನ್ನುತ್ತ ಬಂದರು.

"ನಿಮ್ಮ ಶೂ ಎಲ್ಲಿ ಯಜಮಾನ್ರೇ?"

"ಇದೇ ನಂದು."

ಅಳಿಯ ಬಗ್ಗಿ ನೋಡಿದ. "ಮಾವ, ಇದು ನಂದಲ್ವಾ? ಆಫೀಸಲ್ಲಿ ಇಟ್ಟಿದ್ದು."

ಮಾತು ಮುಗಿದಿರಲಿಲ್ಲ. ಒಲೆಯಲ್ಲೇ ಉಳಿದು ತುದಿ ಕೆಂಡದಂತಾಗಿದ್ದ ಸಲಾಕೆಯನ್ನು ಯಜಮಾನರು ಎಳೆದು ಬೀಸಿದರು. ಅಳಿಯನ ಹೆಗಲ ಮೂಳೆ ಲಟಕ್ಕೆಂದಿತು. ಎರಡನೆಯ ಏಟು ಆಕೆಯ ತಲೆಗೆ ಗುರಿಯಾಗಿತ್ತು. ದಫೇದಾರ ಅಡ್ಡ ಬಂದು ಮುಂಗೈ ಸುಟ್ಟುಕೊಂಡ. ಆಕೆ ಲಾಠಿ ಎತ್ತಿ ಮುದುಕನ ಮಣಿಕಟ್ಟಿಗೆ ಕೊಟ್ಟಳು. ಸಲಾಕೆ ಬಿತ್ತು. ಕೆಡವಿ, ಎದೆಯ ಮೇಲೆ ಮೊಣಕಾಲೂರಿ, ಶೂ ಕಿತ್ತಳು. ಕಾಲುಚೀಲದ ಜೊತೆ ಚರ್ಮವೂ ಬಂತು. ಪಾದವೆಲ್ಲ ಬೊಬ್ಬೆ.

"ಹೆಣ ತಳ್ಳುವಾಗ ಪಾಕ ಕಾಲ ಮೇಲೆ ಉಕ್ಕಿತು," ಎಂದಳು, ಏದುಸಿರು ಬಿಡುತ್ತ. "ಅಂಟಿದ ಶೂನ ಬಾಟಲಿ ಜೊತೆ ಒಲೆಗೆ ಹಾಕಿದ್ರಿ. ಅಳಿಯನ ಶೂ ಹಾಕ್ಕೊಂಡ್ರಿ. ಡ್ರೈವರ್ ಬೆಳಿಗ್ಗೆ ಕೂಗಾಡಿದ್ದ, ಬೀರು ಒಡೆದ್ರೆ ಅವನ ತಲೆಗೇ ಬರುತ್ತೆ ಅಂತ ಲೆಕ್ಕ ಹಾಕಿದ್ರಿ."

ಯಜಮಾನ ನೆಲದಿಂದಲೇ ಗುರುಗುಟ್ಟಿದ. "ಇಲಾಖೆಗೆ ಹೋಗ್ಬೇಡ ಕಣೋ ಅಂತ ಆ ಕೆಮಿಸ್ಟ್‌ಗೆ ಕೈಮುಗಿದೆ. ಕೇಳ್ಲಿಲ್ಲ. ಒಂದು ಮಗು ಹೋಯ್ತು ಅಂತ ಇಷ್ಟು ದೊಡ್ಡ ಕಾರ್ಖಾನೆ ಮುಚ್ಚಬೇಕಾ?"

ಹೆಗಲು ಹಿಡಿದು ನರಳುತ್ತಿದ್ದ ಅಳಿಯ ಆಗ ಬಾಯಿಬಿಟ್ಟ. ಅದೇ ದ್ರವ ಬೆರೆಸಿದ ಹೊಸ ಬ್ಯಾಚು ಹೊತ್ತು, ಊಟಕ್ಕೆ ಮುಂಚೆ ಏಳು ಲಾರಿ ಹೊರಟುಹೋಗಿವೆ.

* * *

ಏಳು ಡ್ರೈವರ್‌ಗಳ ನಂಬರೂ ಗೇಟಿನ ಕೋಣೆಯಲ್ಲಿದ್ದವನಿಗೆ ಮಾತ್ರ ಬಾಯಿಪಾಠವಾಗಿತ್ತು. ಆಂಬುಲೆನ್ಸ್ ಬಂದು ನಿಂತರೂ ಅವನು ಹತ್ತಲಿಲ್ಲ. ಗೇಟಿನ ಮೆಟ್ಟಿಲ ಮೇಲೆ, ಮುರಿದ ಪಕ್ಕೆ ಒತ್ತಿ ಹಿಡಿದು, ಇನ್‌ಸ್ಪೆಕ್ಟರಮ್ಮನ ಫೋನಿನಲ್ಲಿ ಒಬ್ಬೊಬ್ಬರಿಗೇ ಕರೆ ಮಾಡಿದ. ಹಲ್ಲುದುರಿದ ಬಾಯಲ್ಲಿ ಮಾತು ತಡವರಿಸುತ್ತಿತ್ತು. ಒಂದು ಬಾಟಲಿಯನ್ನೂ ಇಳಿಸಬೇಡ, ಗಾಡಿ ತಿರುಗಿಸು ಎಂದ. ಆರು ಜನ ಯಾಕೆಂದೂ ಕೇಳದೆ ತಿರುಗಿಸಿದರು.

ಏಳನೆಯವನು ಆಯ್ತಣ್ಣ ಎಂದ. ಗಾಡಿ ನಿಂತ ಸದ್ದು ಕೇಳಿತು. ದಾರಿಯಲ್ಲೇ ನಮ್ಮ ಮನೆ ಸಿಕ್ಕಿತೆಂದು ಒಂದು ಬಾಟಲಿ ಕೊಟ್ಟು ಬಂದಿದ್ದೇನೆ, ಚಿಕ್ಕವನಿಗೆ ಕೆಮ್ಮು ಎಂದ.

ಡ್ರೈವರ್ ಎದ್ದು ನಿಂತ. ನೋವಿಗೆ ಮುಖ ಕಿವುಚಿತು. ಆದರೆ ದನಿ ಅಲುಗಲಿಲ್ಲ.

"ಲಾರಿ ಹಾಳಾಗ್ಲಿ, ಮೊದ್ಲು ಈ ಫೋನ್ ಇಡು. ಮನೆಗೆ ಮಾಡು. ಕುಡಿಸಿದ್ರೆ ಈಗ್ಲೇ ಆಸ್ಪತ್ರೆಗೆ ಕರ್ಕೊಂಡೋಗೋಕೆ ಹೇಳು. ನಾನು ಮೂರು ದಿನ ಕಾದೆ ಕಣೋ."